ನಾಯಿಯ ಆಹಾರವೂ ಮಲದ ಹದವೂ

(ಹುಬ್ಬಳ್ಳಿ–ಧಾರವಾಡ ಪ್ರಾಂತದ ರೈತರಿಗೂ ಕುರಿಗಾರರಿಗೂ ಹೇಳಿದ ಉಪನ್ಯಾಸ)



ಎತ್ತು ಮೇವು ಬಿಟ್ಟರೆ ಮನೆಯವರೆಲ್ಲರೂ ಕೊಟ್ಟಿಗೆಗೆ ಬಂದು ನಿಲ್ಲುತ್ತಾರೆ. ಎಮ್ಮೆಯ ಸೆಗಣಿ ನೀರಾದರೆ ಹಸಿಮೇವು ಹೆಚ್ಚಾಯಿತೆಂದು ಮನೆಯ ಹಿರಿಯರು ಕೂಡಲೆ ಹೇಳಬಲ್ಲರು. ಆದರೆ ರಾತ್ರಿಯೆಲ್ಲ ಕಣವನ್ನೂ ಕುರಿಹಟ್ಟಿಯನ್ನೂ ಕಾಯುವ ನಾಯಿಯ ಮಲವನ್ನು ನೋಡುವವರು ಅಪರೂಪ. ಅದು ಅಸಹ್ಯವೆಂದು ಮುಖ ತಿರುಗಿಸುವುದೇ ವಾಡಿಕೆಯಾಗಿದೆ. ಬಾಯಿಲ್ಲದ ಪ್ರಾಣಿಯ ಹೊಟ್ಟೆಯ ಸ್ಥಿತಿಯನ್ನು ತಿಳಿಯಲು ಅದಕ್ಕಿಂತ ಸುಲಭವಾದ ಉಪಾಯವಿಲ್ಲ. ಅದಕ್ಕೆ ಕಾಸೂ ಖರ್ಚಾಗುವುದಿಲ್ಲ. ದಿನಕ್ಕೊಂದು ಸಾರೆ ಕಣ್ಣು ಹಾಯಿಸಿದರೆ ಸಾಕು.

ಆರೋಗ್ಯವಾಗಿರುವ ನಾಯಿಯ ಮಲವು ಕಂದು ಬಣ್ಣದ್ದಾಗಿಯೂ, ಆಕಾರ ಕೆಡದುದಾಗಿಯೂ, ಎತ್ತಿದರೆ ನೆಲಕ್ಕೆ ಹೆಚ್ಚಾಗಿ ಅಂಟದುದಾಗಿಯೂ ಇರತಕ್ಕದ್ದು. ಪಶುವೈದ್ಯರು ಇದಕ್ಕೆ 1ರಿಂದ 7ರ ವರೆಗೆ ಅಂಕಗಳನ್ನು ಇಟ್ಟುಕೊಂಡಿದ್ದಾರೆ. ಒಣಗಿದ ಉಂಡೆಗಳಂತಿದ್ದರೆ 1, ಗಟ್ಟಿಯಾಗಿದ್ದರೂ ಬಾಗುವಂತಿದ್ದರೆ 2, ಕೇವಲ ನೀರಾಗಿದ್ದರೆ 7. ಇವುಗಳಲ್ಲಿ 2 ಉತ್ತಮವೆಂದೂ 3 ಒಪ್ಪತಕ್ಕದ್ದೆಂದೂ ಎಣಿಸುತ್ತಾರೆ. ಹದವಾದ ಮಲದಲ್ಲಿಯೂ 100 ಭಾಗಕ್ಕೆ ಸುಮಾರು 65ರಿಂದ 75 ಭಾಗ ನೀರೇ ಇರುತ್ತದೆ. ಅದು 80 ಭಾಗವನ್ನು ಮೀರಿದೊಡನೆ ಭೇದಿಯೆನಿಸುತ್ತದೆ. ಆದುದರಿಂದ ಕರುಳಿನಲ್ಲಿ ನೀರು ಸ್ವಲ್ಪವೇ ಹೆಚ್ಚುಕಡಿಮೆಯಾದರೂ ಹದವು ಪೂರಾ ಕೆಡುವುದು.

ನಾಯಿಯ ಕರುಳು ಕುರಿಯ ಕರುಳಿನಂತಲ್ಲ. ಕುರಿಯ ಸಣ್ಣಕರುಳು ಸುಮಾರು 25 ಮೀಟರು ಉದ್ದವಿದ್ದರೆ, ಮಧ್ಯಮ ಗಾತ್ರದ ನಾಯಿಯದು ಸುಮಾರು 4 ಮೀಟರು ಮಾತ್ರ. ಮೇವನ್ನು ನೆನೆಹಾಕಿ ಹುದುಗಿಸುವ ನಾಲ್ಕು ಭಾಗದ ಹೊಟ್ಟೆ ನಾಯಿಗೆ ಇಲ್ಲ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಕರಗಿಸುವ ಶಕ್ತಿಯೂ ಇಲ್ಲವೆಂಬಷ್ಟು ಕಡಿಮೆ. ಆ ಕೆಲಸವೆಲ್ಲ ಸಣ್ಣಕರುಳಿಗೆ ರಸವನ್ನು ಸುರಿಸುವ ಮೇದೋಜೀರಕ ಗ್ರಂಥಿಯ ಪಾಲಿಗೆ ಬಂದಿದೆ. ಅಲ್ಲಿ ಜೀರ್ಣವಾಗದೆ ಉಳಿದದ್ದು ದೊಡ್ಡಕರುಳಿಗೆ ಇಳಿದು, ಸೂಕ್ಷ್ಮಜೀವಿಗಳಿಂದ ಹುಳಿತು, ವಾಯುವನ್ನು ಹುಟ್ಟಿಸಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಹಾರದಿಂದಾಗುವ ಭೇದಿಯ ಮರ್ಮವು ಬಹುಮಟ್ಟಿಗೆ ಇಷ್ಟೇ.

ಹಾಗಾದರೆ ರೊಟ್ಟಿ ತಿಂದು ಬೆಳೆದ ಈ ಸೀಮೆಯ ನಾಯಿಗಳು ಹೇಗೆ ಬಾಳಿದವು? ಈ ಪ್ರಶ್ನೆಗೆ 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಉತ್ತರವನ್ನು ಪ್ರಕಟಿಸಿದರು. ಪಿಷ್ಟವನ್ನು ಕರಗಿಸುವ ಕಿಣ್ವವನ್ನು ಹುಟ್ಟಿಸುವ ವಂಶಬೀಜದ ಪ್ರತಿಗಳು ತೋಳದಲ್ಲಿ ಎರಡು ಮಾತ್ರ ಇದ್ದು, ನಾಯಿಯಲ್ಲಿ ಅವು ಹಲವು ಪಟ್ಟು ಹೆಚ್ಚಿರುವುದನ್ನು ಅವರು ಕಂಡರು. ಬೇಸಾಯ ಮಾಡುವ ಮನುಷ್ಯನ ಕೂಡ ಇದ್ದು ನಾಯಿಯು ಕಾಳು ತಿನ್ನಲು ಕಲಿತಿತೆಂಬುದು ಇದರ ತಾತ್ಪರ್ಯ. ಆದರೆ ಕಾಳು ಚೆನ್ನಾಗಿ ಬೆಂದಿರಬೇಕೆಂಬ ನಿಯಮವು ಮಾತ್ರ ಬದಲಾಗಿಲ್ಲ. ಹಸಿ ಹಿಟ್ಟನ್ನು ನೀರಿನಲ್ಲಿ ಕಲಸಿ ಇಡುವ ಮನೆಗಳುಂಟು. ಅಂಥ ಹಿಟ್ಟಿನ ಬಹುಭಾಗವು ಬಂದಂತೆಯೇ ಹೊರಗೆ ಹೋಗುತ್ತದೆ.

ನವಲಗುಂದ, ಕುಂದಗೋಳಗಳ ಕರಿಮಣ್ಣಿನ ಸೀಮೆಯಲ್ಲಿ ನಾಯಿಗೆ ಬೀಳುವುದು ಜೋಳದ ರೊಟ್ಟಿ, ನುಚ್ಚು. ಕಲಘಟಗಿಯ ಕಡೆಗೆ ಹೋದರೆ ಅನ್ನ. ಅನ್ನವು ಬೇಗ ಜೀರ್ಣವಾಗಿ ಕಡಮೆ ಮಲವನ್ನು ಉಳಿಸುತ್ತದೆ. ಜೋಳದಲ್ಲಿ ನಾರು ಹೆಚ್ಚು, ಪಿಷ್ಟವೂ ನಿಧಾನವಾಗಿ ಕರಗತಕ್ಕದ್ದು. ಆದಕಾರಣ ಮಲದ ಗಾತ್ರ ಹೆಚ್ಚುತ್ತದೆ. ಇದು ರೋಗವಲ್ಲ. ರೊಟ್ಟಿಯನ್ನು ಮುರಿದು ಬಿಸಿನೀರಿನಲ್ಲಿಯೋ ಮಜ್ಜಿಗೆಯಲ್ಲಿಯೋ ನೆನೆಸಿ ಹಾಕುವ ಹಿಂದಿನವರ ಪದ್ಧತಿಯು ಒಳ್ಳೆಯದೇ. ಆದರೆ ಬರಿಯ ರೊಟ್ಟಿಯಿಂದ ನಾಯಿಗೆ ಮಾಂಸಪೋಷಕ ಸತ್ತ್ವವು ಸಾಲದು. ಬೇಯಿಸಿದ ತತ್ತಿ, ಬೇಯಿಸಿದ ಕೋಳಿಯ ಮಾಂಸ, ಇವುಗಳಲ್ಲೊಂದು ದಿನವೂ ಸ್ವಲ್ಪ ಇರತಕ್ಕದ್ದು.

ಒಂದು ಆಹಾರದಿಂದ ಇನ್ನೊಂದಕ್ಕೆ ಥಟ್ಟನೆ ಹಾರಿಸುವುದು ಹೊಟ್ಟೆ ಕೆಡುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣಗಳಲ್ಲಿ ಒಂದು. ಕರುಳಿನ ಸೂಕ್ಷ್ಮಜೀವಿಗಳು ದಿನವೂ ಬರುವ ಅನ್ನಕ್ಕೆ ಹೊಂದಿಕೊಂಡಿರುತ್ತವೆ. ಹೊಸದು ಬಂದಾಗ ಅವುಗಳಿಗೆ ಕೆಲವು ದಿನಗಳ ಅವಕಾಶ ಬೇಕು. ಮುಧೋಳದ ಕಡೆಯಿಂದ ಹುಬ್ಬಳ್ಳಿಗೆ ಮರಿಯನ್ನು ತರುವವರು ಇದನ್ನು ಮರೆಯುತ್ತಾರೆ. ಹಳ್ಳಿಯಲ್ಲಿ ನುಚ್ಚು ತಿನ್ನುತ್ತಿದ್ದ ಮರಿಗೆ ಪಟ್ಟಣದಲ್ಲಿ ಮೊದಲನೆಯ ದಿನವೇ ಅಂಗಡಿಯ ಒಣ ಆಹಾರ, ಬ್ರೆಡ್ಡು, ಬಿಸ್ಕೀಟು ಬೀಳುತ್ತವೆ. ಮೂರನೆಯ ದಿನ ಭೇದಿ. ಆಗ ಆಹಾರವು ಕೆಟ್ಟದ್ದೆಂದು ಬೇರೊಂದನ್ನು ತರುತ್ತಾರೆ, ಭೇದಿಯೂ ಬೆಳೆಯುತ್ತದೆ. ಹೀಗೆ ಮಾಡದೆ, ಮೊದಲ ಎರಡು ದಿನ ಹಳೆಯ ಆಹಾರ ಮುಕ್ಕಾಲು, ಹೊಸದು ಕಾಲು. ಅನಂತರ ಎರಡು ದಿನ ಅರ್ಧರ್ಧ. ಆಮೇಲೆ ಎರಡು ದಿನ ಹಳೆಯದು ಕಾಲು, ಹೊಸದು ಮುಕ್ಕಾಲು. ಏಳನೆಯ ದಿನ ಪೂರ್ತಿ ಹೊಸದು. ನಡುವೆ ಮಲವು ಸಡಿಲವಾದರೆ ಒಂದು ಮೆಟ್ಟಲು ಹಿಂದಕ್ಕೆ ಬರಬೇಕು.

ಮುಧೋಳ ನಾಯಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾದ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯು 2005ರಲ್ಲಿ ಹೊರಬಿತ್ತು; ತಿಮ್ಮಾಪುರದಲ್ಲಿ ಇದಕ್ಕಾಗಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ. ಓಟಕ್ಕೆ ತಕ್ಕ ಈ ನಾಯಿಯ ಮೈ ಸಪೂರ, ಹೊಟ್ಟೆ ಒಳಕ್ಕೆ ಸರಿದದ್ದು, ಪಕ್ಕೆಲುಬುಗಳು ಕಾಣುವುದು ಸಹಜ. ಪಟ್ಟಣಿಗರು ಇದನ್ನು ಹಸಿವೆಯೆಂದು ಬಗೆದು ತುಪ್ಪ, ಹಾಲು, ಕೊಬ್ಬಿನ ಮಾಂಸಗಳನ್ನು ತುಂಬುತ್ತಾರೆ. ನಾಯಿಯು ದಪ್ಪವಾಗುವುದಕ್ಕೆ ಮೊದಲು ಅದರ ಹೊಟ್ಟೆಯೇ ಕೆಡುತ್ತದೆ.

ಹಾಲಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದಿದೆ. ಮರಿಗಳು ಸಾಯುವುದು ಇಲ್ಲಿ. ತಾಯಿ ಸತ್ತ ಅಥವಾ ಬೇಗ ಅಗಲಿಸಿದ ಮರಿಗೆ ಆಕಳ ಹಾಲನ್ನು ಕುಡಿಸುವುದು ಕರುಣೆಯ ಕೆಲಸವೆಂದೇ ಎಲ್ಲರೂ ತಿಳಿದಿದ್ದಾರೆ. ನಾಯಿಯ ಹಾಲಿನಲ್ಲಿ 100 ಭಾಗಕ್ಕೆ ಕೊಬ್ಬು ಸುಮಾರು 9, ಮಾಂಸಪೋಷಕ ಸತ್ತ್ವ 7 ರಿಂದ 8, ಹಾಲಿನ ಸಕ್ಕರೆ ಮೂರೂವರೆಯ ಆಸುಪಾಸು. ಆಕಳ ಹಾಲಿನಲ್ಲಿ ಕೊಬ್ಬು ಸುಮಾರು 4, ಮಾಂಸಪೋಷಕ ಸತ್ತ್ವ ಮೂರಕ್ಕೆ ಸ್ವಲ್ಪ ಮೇಲೆ, ಹಾಲಿನ ಸಕ್ಕರೆ ಐದರ ಹತ್ತಿರ. ಎಂದರೆ ಮರಿಯ ಹಸಿವೆ ಹಿಂಗುವಷ್ಟು ಆಕಳ ಹಾಲು ಕುಡಿಸಿದರೆ, ತಾಯಿಯ ಹಾಲಿನಲ್ಲಿ ದೊರೆಯುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು ಸಕ್ಕರೆ ಅದರ ಕರುಳಿಗೆ ಇಳಿಯುವುದು. ಜೀರ್ಣವಾಗದ ಸಕ್ಕರೆಯು ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಹಾಲನ್ನು ನೀರು ಬೆರಸಿ ಕೊಟ್ಟರೆ ಮರಿಯು ಇನ್ನಷ್ಟು ಸೊರಗುವುದು. ಪಶುವೈದ್ಯರ ಸಲಹೆಯಂತೆ ನಾಯಿಮರಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ, ಸ್ವಲ್ಪಸ್ವಲ್ಪವಾಗಿ, ಹಲವು ಸಾರೆ ಕುಡಿಸುವುದು ಯೋಗ್ಯ. ಮೂರು ನಾಲ್ಕು ವಾರಗಳಾದ ಮೇಲೆ ಮೆತ್ತಗೆ ಬೆಂದ ಆಹಾರವನ್ನು ರುಚಿ ತೋರಿಸಿ, ಆರರಿಂದ ಎಂಟು ವಾರಗಳೊಳಗೆ ಹಾಲನ್ನು ಬಿಡಿಸಬೇಕು.

ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿಯು ವಯಸ್ಸಿನೊಡನೆ ಕುಂದುತ್ತದೆ. ಕೆಲವು ನಾಯಿಗಳಿಗೆ ಬಟ್ಟಲು ಹಾಲು ಒಗ್ಗೀತು, ಕೆಲವಕ್ಕೆ ಒಗ್ಗದು. ಮರುದಿನದ ಮಲವನ್ನು ನೋಡಿದರೆ ತಿಳಿಯುವುದು. ಮೊಸರಿನಲ್ಲಿ ಆ ಸಕ್ಕರೆಯ ಒಂದಂಶವು ಹುಳಿಯಾಗಿ ಮಾರ್ಪಟ್ಟಿರುವುದರಿಂದ ಮೊಸರು ಮಜ್ಜಿಗೆಗಳು ಹಾಲಿಗಿಂತ ಮೇಲು. ಮೈಲಾರಲಿಂಗನ ಗೊರವರು ದೋಣಿಯಲ್ಲಿ ಹಾಲು ಬಾಳೆಹಣ್ಣುಗಳನ್ನು ಹಾಕಿಸಿಕೊಂಡು ನಾಯಿಯಂತೆ ಉಣ್ಣುವ ಸೇವೆಯು ಈ ಸೀಮೆಗೆಲ್ಲ ಗೊತ್ತು. ಆ ಸೇವೆಯು ಭಕ್ತಿಗೆ ಸಲ್ಲತಕ್ಕದ್ದು. ಮನೆಯ ನಾಯಿಯ ಹೊಟ್ಟೆಗೆ ಅದೇ ದೋಣಿ ಒಗ್ಗೀತೆಂದು ಹೇಳಲಾಗದು. ಧಾರವಾಡದ ಪೇಡೆಯ ಮಾತೂ ಅಷ್ಟೆ. ಬತ್ತಿಸಿದ ಹಾಲು, ಮೇಲೆ ಸಕ್ಕರೆ. ಮಕ್ಕಳು ಪ್ರೀತಿಯಿಂದ ಹಾಕುವ ನಾಲ್ಕು ಪೇಡೆಗಳು ರಾತ್ರಿ ಅಂಗಳವನ್ನು ಕೆಡಿಸುತ್ತವೆ.

ಹುಬ್ಬಳ್ಳಿಯ ಸಾವಜಿ ಖಾನಾವಳಿಯಿಂದ ಎಲುಬಿನ ಪೊಟ್ಟಣವನ್ನು ನಾಯಿಗೆಂದು ತರುವ ರೂಢಿಯುಂಟು. ಬೆಂದ ಎಲುಬು ಸೀಳಿ ಚೂಪಾಗುತ್ತದೆ. ಅದು ಗಂಟಲಲ್ಲಿ ಸಿಕ್ಕಬಹುದು, ಕರುಳನ್ನು ಹರಿಯಲೂಬಹುದು. ಅದೃಷ್ಟವಶಾತ್ ಇಳಿದು ಹೋದರೂ ಅದರ ಸುಣ್ಣದಂಶವು ಮಲವನ್ನು ಬೆಳ್ಳಗೆ, ಸೀಮೆಸುಣ್ಣದಂತೆ ಗಟ್ಟಿ ಮಾಡುತ್ತದೆ. ನಾಯಿಯು ಮುಕ್ಕಿರಿದು, ಕೂಗಿ, ಕಡೆಗೆ ಹನಿ ನೆತ್ತರು ಕೆಡವುತ್ತದೆ. ಎಲುಬಿಗೆ ಅಂಟಿದ ಮಸಾಲೆಯ ಎಣ್ಣೆಯು ಇನ್ನೊಂದು ಕೇಡು. ಒಮ್ಮೆಲೆ ಬಹಳ ಕೊಬ್ಬು ಬಿದ್ದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯು ಉರಿಯೆದ್ದು, ವಾಂತಿಯಾಗಿ, ಪ್ರಾಣಕ್ಕೆ ಬರುವುದುಂಟು. ಉಳ್ಳಾಗಡ್ಡಿಯೂ ಬಳ್ಳೊಳ್ಳಿಯೂ ಬೇಯಿಸಿದರೂ ನಾಯಿಯ ರಕ್ತದ ಕಣಗಳನ್ನು ಒಡೆಯತಕ್ಕ ವಸ್ತುಗಳು. ಆದಕಾರಣ ಮನೆಯ ಸಾರು ಪಲ್ಯಗಳನ್ನು ರೊಟ್ಟಿಯ ಮೇಲೆ ಸುರಿಯುವುದನ್ನು ಬಿಡಬೇಕು; ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟರೆ ತೊಂದರೆಯಿಲ್ಲ. ಮಲವು ಗಟ್ಟಿಯಾಗಿ ಕಷ್ಟಪಡುವ ನಾಯಿಗೆ ಸಾಕಷ್ಟು ನೀರನ್ನೂ, ಬೇಯಿಸಿ ಹಿಚುಕಿದ ಕುಂಬಳಕಾಯಿಯನ್ನೂ ಕೊಡಬಹುದು. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿಲಿಲೀಟರು ನೀರು ಬೇಕು. ಬೇಸಗೆಯಲ್ಲಿ ಇನ್ನೂ ಹೆಚ್ಚು.

ಮಲದ ಹದವು ಏನನ್ನೂ ಹೇಳದ ಒಂದು ಕೇಡಿದೆ. ಕುರಿಗಾರರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಕುರಿಯನ್ನು ಕೊಯ್ದಾಗ ಅದರ ಯಕೃತ್ತು ಪುಪ್ಪುಸಗಳಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ, ಅದು ಮನುಷ್ಯರಿಗೆ ಬೇಡವೆಂದು ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗಿರುವುದು ಒಂದು ಲಾಡಿಹುಳುವಿನ ಮರಿಗಳು. ಅವು ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ಉದ್ದವಾಗದ ಹುಳುಗಳಾಗಿ, ಸುಮಾರು ಆರು ವಾರಗಳಲ್ಲಿ ತತ್ತಿಗಳನ್ನು ಮಲದೊಡನೆ ಹೊರಗೆ ಬಿಡುತ್ತವೆ. ನಾಯಿಗೆ ಭೇದಿಯಿಲ್ಲ, ನೋವಿಲ್ಲ, ಮಲವೂ ನೋಡುವುದಕ್ಕೆ ಉತ್ತಮವಾಗಿಯೇ ಇರುತ್ತದೆ. ಆ ತತ್ತಿಯು ಹುಲ್ಲಿನ ಮೇಲಿಂದ ಕುರಿಯ ಹೊಟ್ಟೆಗೂ, ನಾಯಿಯ ಮೈದಡವಿದ ಕೈಯಿಂದ ಮಗುವಿನ ಬಾಯಿಗೂ ಹೋಗುತ್ತದೆ. ಮನುಷ್ಯನ ಯಕೃತ್ತಿನಲ್ಲಿಯೂ ಅದೇ ನೀರುಗುಳ್ಳೆ ವರುಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕಡೆಗೆ ಶಸ್ತ್ರಚಿಕಿತ್ಸೆಗೆ ಬರುವುದುಂಟು. ಆದುದರಿಂದ ಹಸಿ ಬೋಟಿ, ಯಕೃತ್ತು, ಪುಪ್ಪುಸಗಳನ್ನು ನಾಯಿಗೆ ಎಂದಿಗೂ ಹಾಕಕೂಡದು. ಗುಳ್ಳೆಯಿದ್ದುದನ್ನು ಸುಡಬೇಕು, ಇಲ್ಲವೆ ನಾಯಿ ಕೆದರದಷ್ಟು ಆಳದಲ್ಲಿ ಹೂಳಬೇಕು. ಹಿಂಡಿನ ನಾಯಿಗೆ ಪಶುವೈದ್ಯರ ಮೂಲಕ ಪ್ರಾಜಿಕ್ವಾಂಟೆಲ್ ಎಂಬ ಔಷಧವನ್ನು ಆರು ವಾರಗಳಿಗೊಮ್ಮೆ ಕೊಡಿಸಿದರೆ ಹುಳುವು ತತ್ತಿಯಿಡುವುದರೊಳಗೆ ಸಾಯುವುದು.

ಉಳಿದ ಜಂತುಹುಳುಗಳ ಮಾತು ಎಲ್ಲರೂ ಬಲ್ಲದ್ದೇ. ದುಂಡುಹುಳುವು ತಾಯಿಯ ಗರ್ಭದಲ್ಲಿಯೇ ಮರಿಗೆ ಅಂಟುವುದರಿಂದ ಎರಡನೆಯ ವಾರದಿಂದಲೇ ಔಷಧ ಬೇಕು.

ಕಡೆಗೆ, ಎಲ್ಲ ಭೇದಿಯೂ ಆಹಾರದ ದೋಷವಲ್ಲ. 1978ರಲ್ಲಿ ಮೊದಲು ಗುರುತಿಗೆ ಬಂದು ಲೋಕವನ್ನೆಲ್ಲ ವ್ಯಾಪಿಸಿದ ಪಾರ್ವೊ ರೋಗವು ಮರಿಗಳನ್ನು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು. ಮರಿಯು ಅನ್ನ ಬಿಟ್ಟು, ಮೇಲಿಂದ ಮೇಲೆ ವಾಂತಿ ಮಾಡಿ, ನಾರುವ ನೆತ್ತರಭೇದಿ ಮಾಡಿಕೊಂಡರೆ ಮಜ್ಜಿಗೆ, ದಾಳಿಂಬೆಯ ಸಿಪ್ಪೆ ಎಂದು ಹೊತ್ತುಗಳೆಯದೆ ಅಂದೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಬದುಕುವ ಮರಿಯೂ ಸಾಯುವುದು ಈ ಒಂದು ದಿನದ ತಡದಲ್ಲಿ. ಆರರಿಂದ ಎಂಟು ವಾರಗಳಲ್ಲಿ ಲಸಿಕೆಯನ್ನು ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಹದಿನಾರು ವಾರಗಳ ವರೆಗೆ ಹಾಕಿಸಿದರೆ ಈ ಭಯವು ಬಹುಮಟ್ಟಿಗೆ ತಪ್ಪುವುದು. ಬೆಳೆದ ನಾಯಿಯ ಮಲವು ಡಾಂಬರಿನಂತೆ ಕಪ್ಪಾಗಿದ್ದರೂ, ಭೇದಿಯು ಎರಡು ದಿನ ಮೀರಿದರೂ, ಚಿವುಟಿ ಎತ್ತಿದ ಚರ್ಮವು ಕೂಡಲೆ ಇಳಿಯದಿದ್ದರೂ ಹಾಗೆಯೇ ಮಾಡಬೇಕು. ಮನುಷ್ಯರ ನೋವಿನ ಗುಳಿಗೆಗಳನ್ನು ಮಾತ್ರ ಯಾವ ಕಾರಣಕ್ಕೂ ನುಂಗಿಸಬಾರದು.

ಬೆಳೆದ ನಾಯಿಯು ಚುರುಕಾಗಿದ್ದು ಕೇವಲ ಮಲ ಸಡಿಲವಾಗಿದ್ದರೆ, ಎರಡು ಮೂರು ದಿನ ಉಪ್ಪು ಕಾರಗಳಿಲ್ಲದೆ ಮೆತ್ತಗೆ ಬೇಯಿಸಿದ ಅನ್ನ ಎರಡು ಪಾಲು, ಚರ್ಮ ಎಲುಬುಗಳನ್ನು ತೆಗೆದು ಬೇಯಿಸಿದ ಕೋಳಿಮಾಂಸ ಒಂದು ಪಾಲು ಬೆರಸಿ, ದಿನಕ್ಕೆ ನಾಲ್ಕು ಸಾರೆ ಸ್ವಲ್ಪಸ್ವಲ್ಪ ಹಾಕಬೇಕು. ನೀರನ್ನು ತಡೆಯಬಾರದು. ಮಲವು ಹದಕ್ಕೆ ಬಂದ ಮೇಲೆ ಮೇಲೆ ಹೇಳಿದ ಕ್ರಮದಂತೆ ರೊಟ್ಟಿಗೆ ಮರಳಿಸಬೇಕು.

ಆಸ್ಪತ್ರೆಗೆ ಹೋಗುವಾಗ ಆ ದಿನದ ಮಲವನ್ನು ಮಣ್ಣು ಸೋಂಕದಂತೆ ಒಂದು ಚಮಚೆಯಷ್ಟು ತೆಗೆದು, ಮುಚ್ಚಳವಿರುವ ಶುಭ್ರವಾದ ಡಬ್ಬಿಯಲ್ಲಿ ಕೆಲವು ತಾಸುಗಳೊಳಗೆ ಒಯ್ಯಬೇಕು. ದಿನಕ್ಕೆ ಎಷ್ಟು ಸಾರೆ ಆಯಿತು, ಪ್ರತಿಸಾರೆ ಬಹಳವೋ ಸ್ವಲ್ಪವೋ, ಲೋಳೆಯಿತ್ತೇ, ಮುಕ್ಕಿರಿಯಿತೇ ಎಂಬುದನ್ನು ನೋಡಿಕೊಂಡು ಹೋಗಬೇಕು. ಸ್ವಲ್ಪಸ್ವಲ್ಪವಾಗಿ ಹಲವು ಸಾರೆ ಲೋಳೆಯೊಡನೆ ಆದರೆ ದೋಷವು ದೊಡ್ಡಕರುಳಿನದೆಂದೂ, ಕೆಲವೇ ಸಾರೆ ಬಹಳ ಆಗಿ ನಾಯಿಯು ಸೊರಗಿದರೆ ಸಣ್ಣಕರುಳಿನದೆಂದೂ ವೈದ್ಯರು ಊಹಿಸುತ್ತಾರೆ. ಹಿಂದಿನ ಮೂರು ದಿನ ನಾಯಿಯು ಏನು ತಿಂದಿತೆಂಬುದನ್ನು ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕೇಳಿ ಚೀಟಿಯಲ್ಲಿ ಬರೆದು ಒಯ್ಯುವುದು ಒಳ್ಳೆಯದು. ಗಂಡಸರು ಹೇಳುವ ಲೆಕ್ಕದಲ್ಲಿ ಪೇಡೆಗಳು ಬಿಟ್ಟುಹೋಗಿರುತ್ತವೆ.