ಸೆಪ್ಟೆಂಬರ್ ತಿಂಗಳ ತೆನೆ: ಜೋನ್ ಅರ್ಡ್ಲಿಯ ಹೊಲ, ಕಡಲು, ಕೇರಿ



ಮಿಶ್ರ ಮಾಧ್ಯಮದ ಅಮೂರ್ತ ನಿಸರ್ಗಚಿತ್ರಗಳು ಈಗ ಎಲ್ಲ ಗ್ಯಾಲರಿಗಳಲ್ಲೂ ಕಾಣಸಿಗುತ್ತವೆ. ಬಣ್ಣದ ಜೊತೆ ಮರಳು, ಗೋಣಿಬಟ್ಟೆ, ಹರಿದ ಕಾಗದ ಎಲ್ಲವೂ ಇರುತ್ತದೆ. ಅಂಥ ಚಿತ್ರದ ಮುಂದೆ ನಿಂತಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಮರಳು ಇಲ್ಲಿಗೆ ಯಾಕೆ ಬಂತು? ಅದನ್ನು ತೆಗೆದುಹಾಕಿದರೆ ಚಿತ್ರಕ್ಕೆ ಏನಾದರೂ ನಷ್ಟವಿದೆಯೇ? ಈ ಪ್ರಶ್ನೆಗೆ ನನಗೆ ತುಂಬ ಸಮಾಧಾನದ ಉತ್ತರ ಸಿಕ್ಕಿದ್ದು ಸ್ಕಾಟ್ಲೆಂಡಿನ ಕಲಾವಿದೆ ಜೋನ್ ಅರ್ಡ್ಲಿಯವರ ಕೆಲಸದಲ್ಲಿ. ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಅವರ ಬಗ್ಗೆಯೇ.

ಅವರು ಹುಟ್ಟಿದ್ದು 1921ರಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ; ಕಲಿತದ್ದು ಗ್ಲಾಸ್ಗೋ ಕಲಾಶಾಲೆಯಲ್ಲಿ. 1950ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಕ್ಯಾಟರ್ಲೈನ್ ಎಂಬ ಮೀನುಗಾರರ ಹಳ್ಳಿ ಅವರ ಕಣ್ಣಿಗೆ ಬಿತ್ತು. ಕಡಿದಾದ ದಿಬ್ಬದ ಮೇಲೆ ಸಾಲುಮನೆಗಳು, ಕೆಳಗೆ ಉತ್ತರ ಸಮುದ್ರದ ಪುಟ್ಟ ಕೊಲ್ಲಿ, ಮನೆಗಳ ಹಿಂದೆ ಓಟ್ಸ್ ಮತ್ತು ಬಾರ್ಲಿಯ ಹೊಲಗಳು. ಕೂಗಳತೆಯ ಈ ಜಾಗವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಬಿರುಗಾಳಿ ಏಳುವ ಸುದ್ದಿ ಬಂದರೆ ಗ್ಲಾಸ್ಗೋದಿಂದ ಹೊರಟು ಬರುತ್ತಿದ್ದರು. ಈಸೆಲ್ ಹಾರಿಹೋಗದಂತೆ ಹಗ್ಗ ಬಿಗಿದು, ಕಲ್ಲು ಹೇರಿ, ದೊಡ್ಡ ಹಾರ್ಡ್‌ಬೋರ್ಡ್ ಹಲಗೆಗಳ ಮೇಲೆ ಬಯಲಲ್ಲೇ ನಿಂತು ಚಿತ್ರ ಬರೆದರು.

ಪರದೆಯ ಮೇಲೆ ಈಗ ಕಾಣುತ್ತಿರುವುದು 1960ರ ಚಿತ್ರ. ಹೆಸರು ‘ಸೀಡೆಡ್ ಗ್ರಾಸಸ್ ಅಂಡ್ ಡೇಸೀಸ್, ಸೆಪ್ಟೆಂಬರ್’. ಹುಲ್ಲಿನ ನಡುವೆ ಕುಕ್ಕರಗಾಲಲ್ಲಿ ಕೂತವರಿಗೆ ಕಾಣುವ ನೋಟ ಇದು: ದಂಟುಗಳು ನಮ್ಮ ತಲೆಗಿಂತ ಎತ್ತರಕ್ಕೆ ಎದ್ದಿವೆ. ಛಾಯಾಚಿತ್ರದಲ್ಲಿ ಬಣ್ಣದ ದಪ್ಪ ತಿಳಿಯುವುದಿಲ್ಲ, ಆದ್ದರಿಂದ ಬಾಯಲ್ಲೇ ಹೇಳುತ್ತೇನೆ. ಕೆಲವು ದಂಟುಗಳನ್ನು ಕುಂಚದಿಂದ ಎಳೆದಿದ್ದಾರೆ, ಕೆಲವನ್ನು ಹಸಿ ಬಣ್ಣದಲ್ಲಿ ಗೀರಿದ್ದಾರೆ. ಮತ್ತೆ ಕೆಲವು ನಿಜವಾದ ಹುಲ್ಲು, ನಿಜವಾದ ತೆನೆ. ಬಣ್ಣದಲ್ಲೇ ಹೂತು ಅಲ್ಲೇ ಒಣಗಿವೆ. ಯಾವುದು ಬಣ್ಣ, ಯಾವುದು ಹುಲ್ಲು ಎಂದು ಹುಡುಕುತ್ತ ಹತ್ತಿರ ಹೋದಷ್ಟೂ ಹೊಲ ಕಾಣೆಯಾಗಿ ಗೀರು, ಮುದ್ದೆ, ಎಳೆ ಮಾತ್ರ ಉಳಿಯುತ್ತವೆ. ಅರ್ಡ್ಲಿ ಪೂರ್ತಿ ಅಮೂರ್ತಕ್ಕೆ ಹೋದವರಲ್ಲ. ಆದರೆ ಅವರ ಅಮೂರ್ತತೆ ಹುಟ್ಟುವುದು ಇಲ್ಲಿ, ವಸ್ತುವಿಗೆ ಅಷ್ಟು ಹತ್ತಿರ ಹೋಗಿ ನಿಲ್ಲುವ ಹಟದಲ್ಲಿ. ಯಾವುದೋ ಸಿದ್ಧಾಂತ ಓದಿಕೊಂಡು ಆಕಾರವನ್ನು ಬಿಟ್ಟುಕೊಡುವುದಕ್ಕಿಂತ ಇದು ಎಷ್ಟೋ ಕಷ್ಟದ ದಾರಿ ಎಂದು ನಾನು ನಂಬಿದ್ದೇನೆ.

ಹೆಸರಿನಲ್ಲಿ ತಿಂಗಳು ಇರುವುದನ್ನು ಗಮನಿಸಿ. ಹಸಿರು ಬಣ್ಣ ಟ್ಯೂಬಿನಲ್ಲಿ ವರ್ಷವಿಡೀ ಸಿಗುತ್ತದೆ. ಬಲಿತು ಉದುರಲು ತಯಾರಾದ ತೆನೆ ಆ ಹೊಲದಲ್ಲಿ ಸಿಗುವುದು ಬೇಸಗೆ ಮುಗಿಯುವ ಆ ಕೆಲವೇ ವಾರ. ಮೇ ತಿಂಗಳಲ್ಲಿ ಅದೇ ಜಾಗಕ್ಕೆ ಹೋಗಿದ್ದರೆ ಈ ಸಾಮಗ್ರಿಯೇ ಇರುತ್ತಿರಲಿಲ್ಲ. ಬದಲಾಗುತ್ತಲೇ ಇರುವ ನೆಲದ ಮುಂದೆ ನಿಂತ ಚಿತ್ರಕ್ಕೆ ಆ ತೆನೆಯೇ ತಾರೀಖು. ಇದು ನನ್ನ ಮುಖ್ಯ ಮಾತು: ಅರ್ಡ್ಲಿಯವರ ಚಿತ್ರಕ್ಕೆ ಹೊರಗಿನಿಂದ ಬಂದು ಸೇರಿದ ವಸ್ತು ಕಾಲವನ್ನು ಹೊತ್ತು ತರುತ್ತದೆ.

1961ರ ‘ದ ವೇವ್’ ಚಿತ್ರದಲ್ಲಿ ತೈಲವರ್ಣದೊಂದಿಗೆ ಮರಳಿನಂಥ ಒರಟು ಕಣಗಳಿವೆ. ಸುಮಾರು 4 ಅಡಿ ಎತ್ತರ, 6 ಅಡಿ ಅಗಲದ ಹಲಗೆಯಲ್ಲಿ ಅಲೆ ಗೋಡೆಯ ಹಾಗೆ ಎದ್ದುಬರುತ್ತದೆ. ಹುಲ್ಲಿಗಾದರೂ ಒಂದು ಋತುವಿನ ಆಯಸ್ಸಿದೆ, ಅಲೆಗೆ ಒಂದು ಕ್ಷಣ. ಅದನ್ನು ನಿಧಾನವಾಗಿ ತಿದ್ದಿ ತೀಡಲು ಆಗುವುದಿಲ್ಲ. ಅಲೆ ಒಡೆದು ಹಿಂದೆ ಸರಿದ ಮೇಲೂ ದಡದಲ್ಲಿ ಉಳಿಯುವುದು ಆ ಒರಟು ಕಣ. ಅದು ಬಣ್ಣದಲ್ಲಿ ಸೇರಿಕೊಂಡಿದೆ.

ಇನ್ನು ಅವರ ಇನ್ನೊಂದು ಊರು, ಗ್ಲಾಸ್ಗೋದ ಟೌನ್‌ಹೆಡ್. ಹೊಗೆಯಿಂದ ಕಪ್ಪಾದ ಹಳೆಯ ಕಲ್ಲಿನ ವಠಾರಗಳ ಬಡ ಕೇರಿ ಅದು. ಅಲ್ಲಿನ ಮಕ್ಕಳನ್ನು ಅವರು ಪ್ರೀತಿಯಿಂದ ಚಿತ್ರಿಸಿದ್ದಾರೆ. 1962-63ರ ‘ಚಿಲ್ಡ್ರನ್ ಅಂಡ್ ಚಾಕ್ಡ್ ವಾಲ್ 3’ ಎಂಬ ಚಿತ್ರದಲ್ಲಿ ಎಣ್ಣೆಬಣ್ಣದ ಜೊತೆ ಸುದ್ದಿಪತ್ರಿಕೆಯ ಚೂರು, ಲೋಹದ ತೆಳು ಹಾಳೆ ಇವೆ. ಸೀಮೆಸುಣ್ಣದ ಗೀಚು ತುಂಬಿದ ಗೋಡೆ ಮಕ್ಕಳಷ್ಟೇ ಮುಖ್ಯವಾಗಿ ಮುಂದೆ ಬರುತ್ತದೆ. ಅದೇ ದಶಕದಲ್ಲಿ ಟೌನ್‌ಹೆಡ್‌ನ ಬಹುಪಾಲನ್ನು ಕೆಡವಿದರು; ಅದರ ಪಕ್ಕದಲ್ಲಿ ಹೆದ್ದಾರಿ ಬಂತು. ಪತ್ರಿಕೆಯಷ್ಟು ಬೇಗ ಹಳತಾಗುವ ಕಾಗದ ಇನ್ನೊಂದಿಲ್ಲ. ಹೊಲದಲ್ಲಿ ತೆನೆ ಮಾಡಿದ ಕೆಲಸವನ್ನು ಕೇರಿಯಲ್ಲಿ ಅದು ಮಾಡಿತು.

ಹೋಲಿಕೆಗೆ ಇನ್ನೊಬ್ಬ ಕಲಾವಿದರನ್ನು ನೆನೆಯಬೇಕು. ಪೀಟರ್ ಲ್ಯಾನಿಯನ್, ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, 1918ರಲ್ಲಿ ಹುಟ್ಟಿದವರು. ಅವರ ನೆಲ ಬದಲಾದದ್ದು ಒಳಗಿನಿಂದ, ತವರದ ಗಣಿಗಳಿಂದ. 1919ರಲ್ಲಿ ಅಲ್ಲಿನ ಲೆವಾಂಟ್ ಗಣಿಯಲ್ಲಿ ಕೆಲಸಗಾರರನ್ನು ಮೇಲೆ ಕೆಳಗೆ ಸಾಗಿಸುವ ಯಂತ್ರ ಮುರಿದು 31 ಮಂದಿ ಸತ್ತರು. ಆ ಗಣಿ ಪ್ರದೇಶದ ಊರಿನ ಹೆಸರು ಹೊತ್ತ 1953ರ ‘ಸೇಂಟ್ ಜಸ್ಟ್’ ಚಿತ್ರದಲ್ಲಿ ಹಸಿರಿನ ನಡುವೆ ಉದ್ದಕ್ಕೆ ಇಳಿಯುವ ಕಪ್ಪು ಪಟ್ಟಿ ಗಣಿಯ ಬಾವಿ. ಈ ಚಿತ್ರಕ್ಕೆ ಮುಂಚೆ ಅವರು ಗಾಜಿನ ತುಂಡುಗಳನ್ನು ಅಂಟಿಸಿ ಒಂದು ರಚನೆ ಮಾಡಿಕೊಂಡಿದ್ದರು, ನೆಲದ ಆಳವನ್ನು ಆರಪಾರ ನೋಡಲೆಂದು. ತಲೆಮಾರುಗಳ ಬದಲಾವಣೆಗೆ ಬಹುಶಃ ಅಂಥ ಸಾಧನವೇ ಬೇಕಿತ್ತು. 1959ರಲ್ಲಿ ಗ್ಲೈಡರ್ ಹಾರಾಟ ಕಲಿಯತೊಡಗಿ ಅದೇ ನೆಲವನ್ನು ಆಕಾಶದಿಂದ ಕಂಡರು. 1964ರಲ್ಲಿ ಗ್ಲೈಡರ್ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಾಗ ವಯಸ್ಸು 46. ಅರ್ಡ್ಲಿ ಅದಕ್ಕೆ ಒಂದು ವರ್ಷ ಮೊದಲೇ, 1963ರ ಆಗಸ್ಟ್‌ನಲ್ಲಿ, ಕ್ಯಾನ್ಸರ್‌ನಿಂದ ಹೋಗಿದ್ದರು. ಆಗ ಅವರಿಗೆ 42.

ಹುಲ್ಲು, ಕಾಗದ ಸೇರಿಸಿದ ಇಂಥ ಚಿತ್ರಗಳು ಬಾಳುವುದಿಲ್ಲ ಎಂಬ ಆಕ್ಷೇಪವಿದೆ. ಕಾಗದ ಹಳದಿಯಾಗುತ್ತದೆ, ಹುಲ್ಲು ಪುಡಿಯಾಗುತ್ತದೆ ಎನ್ನುತ್ತಾರೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದು ತೆನೆ ಕಳಚಿ ಬಿದ್ದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಖಚಿತವಾಗಿದೆ. ಅದೇ ತೆನೆಯನ್ನು ಅದೇ ಜಾಗದಲ್ಲಿ ಕೂರಿಸಲು ಸಾಧ್ಯವಾದರೆ ಕೂರಿಸಬೇಕು. ಆಗದಿದ್ದರೆ ಬಣ್ಣದಲ್ಲಿ ಅದು ಬಿಟ್ಟ ಅಚ್ಚನ್ನು ಖಾಲಿಯಾಗಿಯೇ ಉಳಿಸಬೇಕು. ಬೇರೆ ಹುಲ್ಲು ತಂದು ತುಂಬಿದರೆ 1960ರ ಆ ಸೆಪ್ಟೆಂಬರ್ ತಿಂಗಳನ್ನೇ ಅಳಿಸಿದ ಹಾಗೆ.