ಮುಂದಾಳು



‘ಮುಂದಾಳು’ ಎಂಬುದು ಅಚ್ಚಗನ್ನಡ ಪದ. ಮುಂದೆ ಇರುವ ಆಳು ಎಂದು ಅದರ ಅರ್ಥ. ಪೀಠದ ಮೇಲೆ ಕುಳಿತವನು ಎಂದಾಗಲಿ, ಅಪ್ಪಣೆ ಕೊಡುವವನು ಎಂದಾಗಲಿ ಅದರಲ್ಲಿ ಸೂಚನೆಯೇ ಇಲ್ಲ. ನಾಲ್ಕು ಜನ ನಡೆಯಬೇಕಾದ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟವನೇ ಮುಂದಾಳು. ದಾರಿ ಸುಗಮವಾಗಿದ್ದಾಗ ಅಂಥವನ ಅಗತ್ಯ ತೋರದು. ಊರಿಗೆ ಊರೇ ಒಂದು ಭಯದಲ್ಲಿ ಮುಳುಗಿದಾಗ ಅವನ ಬೆಲೆ ತಿಳಿಯುತ್ತದೆ.

ಒಂದು ಕಾಲದಲ್ಲಿ ಸಿಡುಬೆಂದರೆ ಅಂಥ ಭಯ. ಅದನ್ನು ತಡೆಯುವ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತು. ಅದು ಹಸುವಿನ ಸಿಡುಬಿನ ರಸ. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹಾಕಬೇಕು. ಮಡಿ ಮೈಲಿಗೆಯ ಜನ ಹಿಂಜರಿದುದರಲ್ಲಿ ಆಶ್ಚರ್ಯವೇನು? ಆಗ ಮೈಸೂರಿನ ಅರಮನೆಯಿಂದಲೇ ಒಂದು ತೋಳು ಮುಂದೆ ಬಂದಿತು. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಪಟವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿ ಎಳೆಯವಳು ಸೀರೆಯ ಸೆರಗನ್ನು ಸರಿಸಿ ತನ್ನ ತೋಳನ್ನು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದೂ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನೆಂದೂ ಇತಿಹಾಸಜ್ಞರು ಹೇಳುತ್ತಾರೆ. ಇದರಲ್ಲಿ ಕಂಪನಿಯವರ ರಾಜಕಾರಣವೂ ಇದ್ದಿರಬಹುದು. ಆದರೆ ಸೂಜಿಗೆ ಒಡ್ಡಿದ ತೋಳು ಮಾತ್ರ ರಾಣಿಯದೇ.

ಅಪ್ಪಣೆ ಒಂದರಿಂದಲೇ ಕೆಲಸ ಸಾಗದೆಂಬುದನ್ನು 1898ರ ಪ್ಲೇಗು ಕಲಿಸಿತು. ಮನೆ ಬಿಡಿಸುವುದು, ರೋಗಿಗಳನ್ನು ಬೇರೆ ಇರಿಸುವುದು, ಇವೆಲ್ಲ ಒಳ್ಳೆಯ ಉದ್ದೇಶದ ಕ್ರಮಗಳೇ. ಆದರೆ ಬಲವಂತವನ್ನು ಕಂಡ ಜನ ಬೆದರಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗಲಭೆಯೇ ಆಯಿತು. ನಾನು ಪಾಠ ಹೇಳುವ ಇಟ್ಟಮಡುವಿಗೆ ಬಸವನಗುಡಿ ದೂರವಲ್ಲ. ಅದೂ ಮಲ್ಲೇಶ್ವರವೂ ಆ ಪ್ಲೇಗಿನ ದಿನಗಳಲ್ಲಿ ರೂಪುಗೊಂಡ ಬಡಾವಣೆಗಳು. ಅಲ್ಲಿಯ ಅಗಲವಾದ ಬೀದಿಗಳಲ್ಲಿ ನಡೆಯುವಾಗಲೆಲ್ಲ ಇಕ್ಕಟ್ಟಿನ ಪೇಟೆಯ ಆ ಸಂಕಟ ನೆನಪಾಗುತ್ತದೆ.

ಪ್ಲೇಗಿಗೂ ಲಸಿಕೆ ಸಿದ್ಧವಾಗಿತ್ತು. ಅದನ್ನು ಕಂಡುಹಿಡಿದ ಹಾಫ್‌ಕಿನ್ ಮಹಾಶಯ, 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಅದನ್ನು ಚುಚ್ಚಿಸಿಕೊಂಡ. ಪರರಿಗೆ ಕೊಡುವ ಮದ್ದಿನ ಅಪಾಯವನ್ನು ತಾನೇ ಮೊದಲು ಉಂಡ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಆ ಲಸಿಕೆಗೆ ತೋಳೊಡ್ಡಿದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಗೆ ಹೆದರಬೇಕಾಗಿಲ್ಲದವನ ಮಾತಿಗೆ ತೂಕವೇ ಬೇರೆ.

ಇನ್ನು ನಾವೇ ಕಂಡ ಕಾಲದ ಮಾತು. 2020ರಲ್ಲಿ ಕೊರೋನಾ ಬಂದು ಬಾಗಿಲುಗಳೆಲ್ಲ ಮುಚ್ಚಿದಾಗ, ಬೆಳಗಿನ ಹೊತ್ತು ಬೀದಿಯಲ್ಲಿ ಕಸಬರಿಕೆಯ ಸದ್ದು ಮಾತ್ರ ನಿಲ್ಲಲಿಲ್ಲ. ಪೌರಕಾರ್ಮಿಕರಿಗೆ ಭಯವಿರಲಿಲ್ಲವೇ? ಅವರ ಮನೆಯಲ್ಲೂ ಮಕ್ಕಳಿದ್ದರು. ಭಯವಿದ್ದೂ ಬಂದರು. 2021ರ ಜನವರಿ 16ರಂದು ಲಸಿಕೆ ಹಾಕುವ ಕಾರ್ಯ ದೇಶದಲ್ಲೆಲ್ಲ ಆರಂಭವಾಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅಂದು ಮೊದಲು ತೋಳು ಚಾಚಿದವರು ಅಲ್ಲಿಯೇ ಶುಚಿತ್ವದ ಕೆಲಸ ಮಾಡುವ ಒಬ್ಬ ತಾಯಿ. ದೊಡ್ಡವರು, ವಿದ್ಯಾವಂತರು ‘ನೋಡೋಣ’ ಎನ್ನುತ್ತಿದ್ದ ಹೊತ್ತು ಅದು.

ಎರಡು ಶತಮಾನಗಳ ಆಚೆ ಒಬ್ಬ ರಾಣಿ, ಈಚೆ ಒಬ್ಬ ಕೆಲಸದಾಕೆ. ಇಬ್ಬರ ಅಂತಸ್ತಿಗೂ ಅಜಗಜಾಂತರ. ಮಾಡಿದ ಕೆಲಸ ಒಂದೇ. ಆದುದರಿಂದ ಧೈರ್ಯಕ್ಕೆ ಪದವಿ ಬೇಕಿಲ್ಲ. ಅಂಜಿಕೆ ಹೋಗಲಿ, ಆಮೇಲೆ ಹೊರಡೋಣ ಎಂದು ಕಾಯಬೇಕಾಗಿಯೂ ಇಲ್ಲ. ನೆರೆ ಬಂದಾಗ, ಬರ ಬಂದಾಗ, ರೋಗ ಬಂದಾಗ, ‘ಯಾರಾದರೂ ಮಾಡಲಿ’ ಎಂಬ ಮಾತು ನಾಲಗೆಗೆ ಬರುವ ಮೊದಲೇ ಒಂದು ಹೆಜ್ಜೆ ಮುಂದಿಟ್ಟರಾಯಿತು. ಹಿಂದೆ ಬರುವವರು ಬಂದೇ ಬರುತ್ತಾರೆ. ‘ಆಳು’ ಎಂಬುದಕ್ಕೆ ಮನುಷ್ಯನೆಂದೂ ಅರ್ಥ, ಸೇವಕನೆಂದೂ ಅರ್ಥ. ಮುಂದಾಳಾಗುವವನು ಎರಡೂ ಆಗಿರಬೇಕೆಂದು ನಮ್ಮ ಭಾಷೆಯೇ ಹೇಳಿಟ್ಟಿದೆ.