ಸೈಕಲ್ ಷಾಪಿನಲ್ಲಿ ಎರಡು ತಿಂಗಳು



ನಾನು ಟಿ. ನರಸೀಪುರದವನು. 2008ರಲ್ಲಿ ಬಿ.ಬಿ.ಎಂ. ಓದುವಾಗ ತರಬೇತಿಗೆಂದು ನಂಜನಗೂಡಿನ ಒಂದು ಸೈಕಲ್ ಷಾಪಿಗೆ ಸೇರಿದೆ. ಗೆಳೆಯರೆಲ್ಲ ಕಾರ್ಖಾನೆಗಳಿಗೆ ಹೋಗಿದ್ದರು. ನನಗೆ ನಾಚಿಕೆಯಾಗಿತ್ತು, ಮುಚ್ಚಿಡುವುದೇಕೆ? ಲೆಕ್ಕದ ಪುಸ್ತಕ ನೋಡಿ ವರದಿ ಬರೆದರಾಯಿತು ಎಂದುಕೊಂಡಿದ್ದೆ. ಅಂಗಡಿಯ ಚಾಚಾ ಮೊದಲ ದಿನವೇ ಕೈಗೆ ಸ್ಪ್ಯಾನರ್ ಕೊಟ್ಟರು.

ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತ್ತು. ನಿಮ್ಮಲ್ಲೂ ಕೆಲವರು ಅದನ್ನು ತುಳಿದಿರಬಹುದು. ಹೊಸ ಸೈಕಲ್ ಕೆಲವು ವಾರ ಓಡಿದರೆ ಸ್ಪೋಕ್ಸ್ ಕಡ್ಡಿಗಳು ಸಡಿಲವಾಗಿ ಚಕ್ರ ಸೊಟ್ಟಗಾಗುತ್ತದೆ. ರಿಮ್ ಎಡಕ್ಕೆ ವಾಲಿದ್ದರೆ ಅಲ್ಲಿ ಬಲಬದಿಯ ಕಡ್ಡಿ ಬಿಗಿ ಮಾಡಿ, ಎಡಬದಿಯದನ್ನು ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ನಾನು ಇಡೀ ಸುತ್ತು ತಿರುಗಿಸಿ ಎಷ್ಟೋ ಚಕ್ರ ಕೆಡಿಸಿದೆ.

ಒಂದು ಸಂಜೆ ಊರಿನ ಬಸ್ಸು ಹಿಡಿಯುವ ಆತುರದಲ್ಲಿ, ಒಬ್ಬ ಹುಡುಗಿಯ ಸೈಕಲಿನ ಹಿಂಚಕ್ರದ ನಟ್ಟು ಬಿಗಿ ಮಾಡದೆ ಕೊಟ್ಟುಬಿಟ್ಟೆ. ದಾರಿಯಲ್ಲಿ ಚಕ್ರ ಸರಿದು ಚೈನ್ ಕಳಚಿತು. ತಳ್ಳಿಕೊಂಡು ಮನೆ ಸೇರುವಾಗ ಕತ್ತಲಾಗಿತ್ತಂತೆ. ಮರುದಿನ ಅವಳ ತಂದೆ ಅಂಗಡಿಗೆ ಬಂದು, "ಸೈಕಲೂ ಬೇಡ, ಸ್ಕೂಲೂ ಬೇಡ" ಎಂದು ಹೇಳಿ ಹೊರಟೇಹೋದರು.

ಚಾಚಾ ಬೈಯಲಿಲ್ಲ. "ನೀನೇ ಹೋಗಿ ಸರಿ ಮಾಡಿ ಬಾ ಬೇಟಾ" ಎಂದರು. ಅವರ ಮನೆಯ ಜಗಲಿಯ ಮೇಲೆ ಕೂತು ಚಕ್ರ ಕಟ್ಟಿ, ತಪ್ಪು ನನ್ನದೇ ಎಂದೆ. ತಂದೆ ಮಾತಾಡಲಿಲ್ಲ. ತಾಯಿ ಟೀ ಕೊಟ್ಟರು. ಎರಡು ದಿನ ಅವಳು ಕಾಣಲಿಲ್ಲ. ಸೋಮವಾರ ಬೆಳಿಗ್ಗೆ ಬೆಲ್ ಹೊಡೆಯುತ್ತಾ ಅಂಗಡಿಯ ಮುಂದೆಯೇ ಹೋದಳು.

ವರದಿಯಲ್ಲಿ ವ್ಯಾಪಾರದ ಅಂಕಿಅಂಶ ಬರೆದೆ. ಈ ನಟ್ಟಿನ ವಿಷಯ ಬರೆದಿರಲಿಲ್ಲ. ಇಂದು ನಿಮ್ಮೆದುರು ಹೇಳಿದ್ದೇನೆ.